ಬೊಂಬಿಲ್ ದಂಡೆಯ ಶಾಂತಿ

ನಾನು ಸ್ವಭಾವತಃ ಶಾಂತ ಮನುಷ್ಯ. ಇದನ್ನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದೇನೆ. ಕೆಲವರಿಗೆ ಮೇಜು ಗುದ್ದಿ ಹೇಳಬೇಕಾಗಿ ಬಂದಿದೆ. ನನ್ನ ಸಿಟ್ಟೇನಿದ್ದರೂ ಗದ್ದಲ ಮಾಡುವವರ ಮೇಲೆ. ಅವರು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ. ಆದರೆ ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಸುಮ್ಮನಿರುವ ಪ್ರಾಣಿ ಎಂದರೆ ಗೋಡೆಯ ಮೇಲಿನ ಹಲ್ಲಿ ಮಾತ್ರ, ಅದೂ ನಾನು ಮಾತಾಡುವಾಗಲೇ ಲೊಚಗುಟ್ಟುತ್ತದೆ.

ಧಾರವಾಡ ಇನ್ನೂ ಮುಂಬಯಿ ರಾಜ್ಯದೊಳಗೇ ಇದ್ದ ಕಾಲವದು. ನಾನು ಧಾರವಾಡದಿಂದ ಬಂದು ಒಂದು ವಿಮಾ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದೆ. ನಮ್ಮದು ಮೂರನೆಯ ಮಾಳಿಗೆಯಲ್ಲಿ ಒಂದು ಕೋಣೆ. ಕೆಳಗೆ ರಸ್ತೆಯಲ್ಲಿ ಟ್ರಾಮು, ಟ್ರಾಮಿನ ಪಕ್ಕದಲ್ಲಿ ಉಡುಪಿ ಹೋಟೆಲು, ಹೋಟೆಲಿನ ಒಳಗೆ ನಸುಕಿನಿಂದಲೇ ಗುಡುಗುಡು ಎನ್ನುವ ರುಬ್ಬುವ ಕಲ್ಲು. ನಮ್ಮ ಮಾಳಿಗೆಯಲ್ಲಿ ಒಂದು ನಲ್ಲಿ, ಆ ನಲ್ಲಿಗೆ ಹತ್ತು ಮನೆಯ ಕೊಡಗಳು. ಗ್ಯಾಲರಿಯಲ್ಲಿ ಬಟ್ಟೆ ಒಣಗಿಸಲು ಒಂದು ಹಗ್ಗ, ಆ ಹಗ್ಗದ ಸಲುವಾಗಿ ದಿನವೂ ಒಂದು ಜಗಳ. ಆ ಜಗಳಗಳನ್ನು ಬಿಡಿಸುವ ಹೊಣೆಯನ್ನು ಯಾರೂ ಕೇಳದಿದ್ದರೂ ನಾನೇ ಹೊತ್ತುಕೊಂಡಿದ್ದೆ. ಗ್ಯಾಲರಿಯ ಈ ತುದಿಯಲ್ಲಿ ನಿಂತು ನಾನು "ಸಾಕ್ ಮಾಡ್ರಿ" ಎಂದರೆ ಎದುರಿನ ಬಿಲ್ಡಿಂಗಿನವರೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಕೋಣೆಯ ಒಳಗಾದರೂ ನೆಮ್ಮದಿ ಉಂಟೇ ಎಂದರೆ ಅದೂ ಇಲ್ಲ. ನಮ್ಮ ಲಗ್ನವಾದಾಗಿನಿಂದ ಆ ಕೋಣೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಗಂಗಾ ಇಬ್ಬರೇ ಇದ್ದ ದಿನವೇ ಇಲ್ಲ. ಮುಂಬಯಿಯಲ್ಲಿ ಕೋಣೆ ಇದೆ ಎಂಬ ಸುದ್ದಿ ಧಾರವಾಡಕ್ಕೆ ನಮಗಿಂತ ಮೊದಲು ಮುಟ್ಟಿತ್ತು. ಪರೀಕ್ಷೆಗೆ ಬಂದವರು, ಕಣ್ಣು ತೋರಿಸಲು ಬಂದವರು, ವರನನ್ನು ನೋಡಲು ಬಂದವರು, ಎಲ್ಲರೂ ನಮ್ಮಲ್ಲೇ. ಆ ವರ್ಷದ ಅತಿಥಿ ನನ್ನ ಚಿಕ್ಕಪ್ಪನ ಮಗ ಗುಂಡು. ನೌಕರಿ ಹುಡುಕಲು ಬಂದಿದ್ದ. ನೌಕರಿಯನ್ನು ಅವನು ಬಹುತೇಕ ನಮ್ಮ ಹಾಸಿಗೆಯ ಮೇಲೆ ಮಲಗಿಕೊಂಡೇ ಹುಡುಕುತ್ತಿದ್ದ.

ಹೀಗಿರುವಾಗ ಆಷಾಢದ ಒಂದು ಸಂಜೆ ಗಂಗಾ ನನಗೆ ಚಹಾ ಕೊಟ್ಟು, ಎದುರಿಗೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

"ಏನ್ರೀ, ನಿಮಗ ಒಂದು ಮಾತು ಹೇಳೂದದ."

"ಹೇಳು" ಎಂದೆ.

ಅಷ್ಟರಲ್ಲಿ ಹೊರಗೆ ಯಾರದೋ ಕೊಡ ಮೆಟ್ಟಿಲ ಮೇಲಿಂದ ಉರುಳಿತು. ನಾನು ಎದ್ದು ಹೋಗಿ ಆ ಕೊಡದ ವಿಷಯವನ್ನು ಅದರ ಒಡತಿಗೆ, ಒಡತಿಯ ಗಂಡನಿಗೆ, ಆ ಗಂಡನ ಪರವಾಗಿ ಮಾತಾಡಲು ಬಂದವನಿಗೆ ವಿವರಿಸಿ ತಿರುಗಿ ಬಂದೆ. ಚಹಾ ಆರಿತ್ತು. ಗುಂಡು ಎದ್ದು ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದ.

"ಏನೋ ಹೇಳ್ತೀನಿ ಅಂದಿದ್ದಿ?"

"ಇಲ್ಲಿ ಹೆಂಗ ಹೇಳ್ಲಿ? ಇದು ಮಂದಿಯೊಳಗ ಹೇಳೂ ಮಾತಲ್ಲ. ನಾವಿಬ್ಬರ ಇರಬೇಕು. ಗದ್ದಲ ಇರಬಾರದು. ಅಂಥಾ ಜಾಗಾ ಎಲ್ಲೆರ ಇದ್ರ ಕರಕೊಂಡ ಹೋಗ್ರಿ, ಹೇಳ್ತೀನಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಂಡ ಎನ್ನುವವನಿಗೆ ಇಂಥ ಮಾತಿಗಿಂತ ದೊಡ್ಡ ಪೆಟ್ಟಿಲ್ಲ. ಮೈಯಲ್ಲಿ ಹುಷಾರಿಲ್ಲವೇ? ತವರಿನಲ್ಲಿ ಏನಾದರೂ ಆಗಿದೆಯೇ? ಅಥವಾ, ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ನನ್ನ ಮೇಲೆ ಪ್ರೀತಿ ಇದೆ ಎಂದು ಬಾಯಿ ಬಿಟ್ಟು ಹೇಳಬೇಕೆಂದಿದ್ದಾಳೆಯೇ? ಕೊನೆಯದೇ ಇರಬೇಕೆಂದು ನನಗೆ ಹೆಚ್ಚು ಅನ್ನಿಸಿತು. ಅದನ್ನು ಕೇಳಲೇಬೇಕು. ಅದಕ್ಕೆ ತಕ್ಕ ಜಾಗ ಹುಡುಕಲೇಬೇಕು.

ಜಾಗದ ವಿಷಯದಲ್ಲಿ ನಾನು ಕಟ್ಟುನಿಟ್ಟಿನ ಮನುಷ್ಯ. ಮಾಥೇರಾನಕ್ಕೆ ಹೋಗಿ ಎಂದರು ಕಚೇರಿಯಲ್ಲಿ. ಮಾಥೇರಾನಕ್ಕೆ ಹೋದರೆ ಅಲ್ಲಿ ಬೆಳಗಾವಿಯವರು ಇಬ್ಬರು, ವಿಜಾಪುರದವರು ಮೂವರು ಸಿಕ್ಕೇ ಸಿಗುತ್ತಾರೆ, "ಅರೆ, ನೀವೂ ಬಂದೀರಿ?" ಎಂದು ಒಂದೇ ಚಾಪೆಯ ಮೇಲೆ ಬಂದು ಕೂರುತ್ತಾರೆ. ಜುಹೂ ಎಂದರು. ಜುಹೂಗೆ ಇಡೀ ಮುಂಬಯಿ ಭೇಳಪುರಿ ತಿನ್ನಲು ಹೋಗುತ್ತದೆ. ಕೊನೆಗೆ ನನ್ನ ಮೇಜಿನ ಪಕ್ಕದ ಗುಮಾಸ್ತನೊಬ್ಬ ಹೇಳಿದ, ಉತ್ತರಕ್ಕೆ ಹೋಗಿ, ಸಮುದ್ರ ಒಳನುಗ್ಗಿದ ಮಾರ್ವೆಯ ಖಾಡಿ ದಾಟಿದರೆ ಸಮುದ್ರದ ದಂಡೆಗುಂಟ ಕರಿಗಲ್ಲಿನ ಕಡಿದಾದ ಗುಡ್ಡ, ಗುಡ್ಡದ ಕೆಳಗೆ ಮರಳು, ನರಪಿಳ್ಳೆ ಇಲ್ಲ, ಎಂದು.

ನಾನು ಒಬ್ಬನೇ ಹೋಗಿ ಪರಿಶೀಲನೆ ಮಾಡುವುದೆಂದು ಅವತ್ತೇ ಗೊತ್ತುಮಾಡಿದೆ. ನೋಡದೆ ಯಾವುದನ್ನೂ ಒಪ್ಪುವ ಮನುಷ್ಯ ನಾನಲ್ಲ. ಮುಂದಿನ ಭಾನುವಾರ ಸುರಿಯುವ ಮಳೆಯಲ್ಲಿ ಛತ್ರಿ ಹಿಡಿದು ಮಲಾಡಿನ ತನಕ ಲೋಕಲ್‌ನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಖಾಡಿಯನ್ನು ತೂಗಾಡುವ ದೋಣಿಯಲ್ಲಿ ದಾಟಿ, ಆಮೇಲೆ ಕೆಸರಿನಲ್ಲಿ ನಡೆದು ಆ ಹಳ್ಳಿಗೆ ಮುಟ್ಟಿದೆ. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆದರೆ ಅವತ್ತು ಅದನ್ನು ನೋಡಿದ ಕೂಡಲೇ ನನ್ನ ಎದೆ ತುಂಬಿ ಬಂದಿತ್ತು. ಕಪ್ಪು ಬಂಡೆಯ ಗುಡ್ಡ ನೇರವಾಗಿ ಸಮುದ್ರಕ್ಕೆ ಇಳಿದಿತ್ತು. ಕೆಳಗೆ ಅರ್ಧಚಂದ್ರದ ಹಾಗೆ ಮರಳಿನ ದಂಡೆ. ದಂಡೆಯ ಮೇಲೆ ಒಬ್ಬನೇ ಒಬ್ಬ ಮನುಷ್ಯನಿಲ್ಲ. ದೋಣಿಗಳನ್ನೆಲ್ಲ ಮೇಲಕ್ಕೆಳೆದು ತೆಂಗಿನ ಗರಿ ಹೊದಿಸಿ ಮಲಗಿಸಿದ್ದರು. ಅಲೆಗಳ ಸದ್ದೊಂದನ್ನು ಬಿಟ್ಟರೆ ಏನೂ ಇಲ್ಲ. ಮೀನಿನ ವಾಸನೆ ಎಂಬುದಂತೂ ಹೆಸರಿಗೂ ಇಲ್ಲ. ಬೆಳ್ಳುಳ್ಳಿಯನ್ನು ಕೂಡ ಎರಡು ಸಲ ಯೋಚಿಸಿ ತಿನ್ನುವ ಮನೆತನ ನಮ್ಮದು. ಹೀಗಾಗಿ ಮೂಗನ್ನು ವಿಶೇಷವಾಗಿ ಎತ್ತಿ ಪರೀಕ್ಷಿಸಿದ್ದೆ.

ಇನ್ನೊಂದು ಸಂಗತಿ ನನ್ನನ್ನು ಪೂರ್ತಿ ಸೋಲಿಸಿತು. ಮರಳಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬಿದಿರಿನ ಗಳಗಳನ್ನು ನೆಟ್ಟು, ಒಂದರ ಮೇಲೊಂದು ಸಾಲು ಸಾಲಾಗಿ ಹಗ್ಗ ಕಟ್ಟಿದ್ದರು. ಹಗ್ಗದ ಮೇಲೆ ಏನೂ ಇರಲಿಲ್ಲ. ಒಂದು ಹಗ್ಗಕ್ಕಾಗಿ ದಿನವೂ ರಣರಂಗವಾಗುವ ಚಾಳಿನಿಂದ ಬಂದ ನನಗೆ ಅದು ಸ್ವರ್ಗವೇ ಇಳಿದಂತೆ ಕಂಡಿತು. ಇಡೀ ಊರಿಗೆ ಬಟ್ಟೆ ಒಣಗಿಸಲು ಇಷ್ಟು ಅನುಕೂಲ ಮಾಡಿಕೊಂಡ ಜನ ಎಂಥ ಸುಸಂಸ್ಕೃತರಿರಬೇಕು ಎಂದುಕೊಂಡೆ.

ಗುಡ್ಡದ ಮೇಲೆ ಮಾರಿಯಾಬಾಯಿ ಎಂಬ ಹಿರಿಯ ಹೆಂಗಸಿನ ಹೆಂಚಿನ ಮನೆ ಇತ್ತು. ಮನೆಯ ಮುಂದೆ ಒಂದು ಶಿಲುಬೆ, ಹಿಂದೆ ಸಮುದ್ರ. ಆಕೆ ಸಮುದ್ರದ ಕಡೆಯ ಕೋಣೆಯನ್ನು ತೋರಿಸಿದಳು. ಒಂದು ಕಿಟಕಿ, ಒಂದು ಮಂಚ, ಮತ್ತೇನೂ ಇಲ್ಲ. ದೀಪಾವಳಿಯ ರಜೆಗೆ ಬರುತ್ತೇವೆಂದು ಹೇಳಿದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿದಳು. ಆಕೆಯ ಮರಾಠಿಯನ್ನು ನಾನು ಕನ್ನಡದಲ್ಲಿ ಕೊಡುತ್ತೇನೆ.

"ಸಾಹೇಬರೇ, ಈಗ ಹೀಗಿದೆ. ಆದರೆ ದೀಪಾವಳಿಗೆ ಅಂದರೆ…"

"ಆದರೆ ಗೀದರೆ ಏನೂ ಬೇಡ" ಎಂದೆ. ಮನೆ ಬಾಡಿಗೆ ಕೊಡುವವರು ಆದರೆ ಎಂದ ಕೂಡಲೇ ಬಾಡಿಗೆ ಏರುತ್ತದೆ ಎಂಬುದು ನನಗೆ ಮುಂಬಯಿ ಕಲಿಸಿದ ಪಾಠ.

"ಹಾಗಲ್ಲ, ಆ ಹಗ್ಗಗಳನ್ನು ನೋಡಿದಿರಲ್ಲ, ಒಣಗಿಸುವುದಕ್ಕೆ…"

"ನೋಡಿದೆ. ಭಾಳ ಸಂತೋಷ ಆಯಿತು. ಅವು ಹಾಗೇ ಇರಲಿ. ನನಗೆ ಬೇಕಾದ್ದು ಶಾಂತಿ. ಮಾತು ಬೇಡ!"

ಮಾರಿಯಾಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಆಗಲಿ ಎಂದಳು. ನನ್ನ ಖಡಕ್ ವ್ಯವಹಾರಕ್ಕೆ ಆಕೆ ಮಣಿದಳೆಂದು ನಾನು ಎದೆಯುಬ್ಬಿಸಿಕೊಂಡು ಬಂದೆ.

ಚಾಳಿನಲ್ಲಿ ಈ ವಿಷಯವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟರೆ ಅರ್ಧ ಚಾಳು ಸ್ಟೋವು ಹೊತ್ತು ಹಿಂದೆ ಬರುತ್ತದೆ. ಗುಂಡುವಿಗೆ, ಕಚೇರಿಯ ಕೆಲಸದ ಮೇಲೆ ಹೋಗುತ್ತೇವೆ ಎಂದೆ. ಕಚೇರಿಯ ಕೆಲಸಕ್ಕೆ ಹೆಂಡತಿ ಯಾಕೆ ಎಂದು ಅವನು ಕೇಳಿದ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಕೆಳಗಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಕೇಳಿದರೆಂದು ಆಮೇಲೆ ತಿಳಿಯಿತು.

ಹೊರಡುವ ಬೆಳಿಗ್ಗೆ ಟ್ರಂಕು, ಹಾಸಿಗೆ ಸುರುಳಿ, ಸ್ಟೋವು, ಗಂಗಾ ಕರಿದ ಚಕ್ಕುಲಿಯ ಡಬ್ಬಿ, ಎಲ್ಲ ಹೊತ್ತುಕೊಂಡು ಕಳ್ಳರ ಹಾಗೆ ಮೆಟ್ಟಿಲಿಳಿಯುತ್ತಿದ್ದೆವು. ಎರಡನೆಯ ಮಾಳಿಗೆಯ ತಿರುವಿನಲ್ಲಿ ಶೆಟ್ಟರು ಹಲ್ಲುಜ್ಜುತ್ತ ನಿಂತಿದ್ದರು. ಇವರು ಕೆಳಗಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು, ಮಂಗಳೂರಿನ ಕಡೆಯವರು, ಸಮುದ್ರದ ಮಗ್ಗುಲಲ್ಲೇ ಹುಟ್ಟಿ ಬೆಳೆದವರು.

"ಎಂತ ಮಾರಾಯ್ರೇ, ಎಲ್ಲಿಗೆ ಸವಾರಿ?"

"ಎಲ್ಲಿಗೂ ಇಲ್ಲ" ಎಂದೆ, ಟ್ರಂಕನ್ನು ಭುಜದಿಂದ ಭುಜಕ್ಕೆ ಬದಲಿಸುತ್ತ.

ಗಂಗಾ ಪಾಪ, ಸುಳ್ಳು ಬರದವಳು. "ಮಾರ್ವೆಯ ಆಚೆ, ಸಮುದ್ರದ ಕಡೆ" ಎಂದುಬಿಟ್ಟಳು.

"ಈಗ ಹೋಗುವುದಾ? ನೀವು ಮೀನು ಮುಟ್ಟದವರಲ್ವಾ? ಅಲ್ಲಿ ಈಗ ಎಂತ ಉಂಟು ಅಂದ್ರೆ…"

ನನಗೆ ಮೈಯೆಲ್ಲ ಉರಿದುಹೋಯಿತು. ಮುಂಬಯಿಯಲ್ಲಿ ಒಬ್ಬ ಮನುಷ್ಯ ತನ್ನ ಹೆಂಡತಿಯ ಜೊತೆ ಎಲ್ಲಿಗಾದರೂ ಹೋಗಬೇಕಾದರೆ ಇಡೀ ಬಿಲ್ಡಿಂಗಿನ ಸಲಹೆ ಬೇಕೇ? ಹಾಗೆಂದು ಅವರನ್ನೇ ಕೇಳಿದೆ. ಅವರು ಬಾಯಲ್ಲಿದ್ದ ಹಲ್ಲುಪುಡಿಯ ನೊರೆಯನ್ನು ನುಂಗಿಕೊಂಡು ಸುಮ್ಮನಾದರು. ಗಂಗಾ ತಲೆ ಬಗ್ಗಿಸಿಕೊಂಡು ಬೇಗ ಬೇಗ ಇಳಿದಳು.

ಲೋಕಲ್‌ನಲ್ಲಿ ಹಬ್ಬದ ಜನ. ಆದರೂ ಅಂಧೇರಿ ದಾಟಿದ ಮೇಲೆ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಗಂಗಾ ಕಿಟಕಿಯ ಹೊರಗೆ ನೋಡುತ್ತ, "ಅಂದ್ರ, ನಾ ಹೇಳಬೇಕಂದದ್ದು ಏನಂದ್ರ…" ಎಂದು ಶುರು ಮಾಡಿದಳು. ಸರಿಯಾಗಿ ಆಗಲೇ ಎದುರಿನವನು ನಮ್ಮ ಚಕ್ಕುಲಿ ಡಬ್ಬಿಯ ಮೇಲೆ ಕಾಲಿಟ್ಟ. ಮಲಾಡ್ ಬರುವತನಕ ನಾನು ಅವನಿಗೆ ನಾಗರಿಕತೆ ಎಂದರೇನು ಎಂಬುದನ್ನು ಹೇಳಿಕೊಟ್ಟೆ. ಅವನು ಕಾಂದಿವಲಿಗೆ ಹೋಗಬೇಕಾದವನು ಮಲಾಡಿನಲ್ಲೇ ಇಳಿದು ಬೇರೆ ಬೋಗಿ ಹತ್ತಿದ.

ಖಾಡಿಯ ದೋಣಿಯಲ್ಲಿ ಅವಳು ಮತ್ತೆ, "ಏನ್ರೀ…" ಎಂದಳು. ದೋಣಿಯವನು ನಮ್ಮ ಟ್ರಂಕನ್ನು ನೀರಿದ್ದ ಕಡೆಗೇ ಇಟ್ಟಿದ್ದ. ಅದನ್ನು ಹೇಳಲು ನಾನು ಎದ್ದು ನಿಂತೆ. ದೋಣಿಯಲ್ಲಿ ಎದ್ದು ನಿಂತು ಸಿಟ್ಟಾಗಬಾರದೆಂಬುದು ಧಾರವಾಡದವರಿಗೆ ಹೇಗೆ ಗೊತ್ತಿರಬೇಕು? ನಮ್ಮಲ್ಲಿ ನೀರು ಇರುವುದು ಕೆರೆಯಲ್ಲಿ, ಬಾವಿಯಲ್ಲಿ. ಎಲ್ಲರೂ ಕೂಗಿದರು, ನಾನು ಒಬ್ಬ ಅಪರಿಚಿತ ಅಜ್ಜಿಯ ತೊಡೆಯ ಮೇಲೆ ಕೂತುಬಿಟ್ಟೆ.

ಖಾಡಿಯ ಆಚೆ ದಡದಲ್ಲಿ ಒಂದು ಎತ್ತಿನ ಗಾಡಿ ಸಿಕ್ಕಿತು. ಹೊಲ, ತಾಳೆಮರ, ತಣ್ಣನೆಯ ಗಾಳಿ. ನನ್ನ ಮನಸ್ಸು ಹಗುರಾಗುತ್ತ ಬಂದಿತು. "ಈಗ ಹೇಳು" ಎನ್ನಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಯೊಳಗೆ ಆ ವಾಸನೆ ಬಂದು ಕೂತಿತು.

ಅದನ್ನು ಹೇಗೆ ವರ್ಣಿಸಲಿ? ಮೊದಲು, ಎಲ್ಲೋ ಇಲಿ ಸತ್ತಿರಬೇಕು ಎನ್ನಿಸಿತು. ಇನ್ನೊಂದು ಫರ್ಲಾಂಗು ಹೋದ ಮೇಲೆ, ಒಂದು ಇಲಿಯಿಂದ ಇದು ಸಾಧ್ಯವಿಲ್ಲ ಎನ್ನಿಸಿತು. ಗಂಗಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಎತ್ತುಗಳು ಮಾತ್ರ ಏನೂ ಆಗಿಲ್ಲವೆನ್ನುವ ಹಾಗೆ ನಡೆದವು. ಗಾಡಿಯವನನ್ನು ಏನಿದು ಎಂದು ಕೇಳಿದರೆ, ಅವನು ಹೆಮ್ಮೆಯಿಂದ, "ಬೊಂಬಿಲ್, ಸಾಹೇಬ. ಈ ವರ್ಷ ಛಲೋ ಬಂದಿದೆ" ಎಂದ.

ಗುಡ್ಡದ ತುದಿಗೆ ಬಂದು ಕೆಳಗೆ ನೋಡಿದೆ. ನನ್ನ ದಂಡೆ ಇರಲಿಲ್ಲ. ಅಂದರೆ, ಮರಳು ಕಾಣಿಸುತ್ತಿರಲಿಲ್ಲ. ಆ ಸಾಲು ಸಾಲು ಹಗ್ಗಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮೀನು ಜೋತುಬಿದ್ದಿತ್ತು. ಎರಡೆರಡು ಮೀನುಗಳನ್ನು ಬಾಯಿಗೆ ಬಾಯಿ ಸಿಕ್ಕಿಸಿ, ಜೋಡಿ ಜೋಡಿಯಾಗಿ ಹಗ್ಗಕ್ಕೆ ಹಾಕಿದ್ದರು. ನೂರಾರು ಹೆಂಗಸರು ಬುಟ್ಟಿ ಹೊತ್ತು ಓಡಾಡುತ್ತಿದ್ದರು, ಒಬ್ಬರನ್ನೊಬ್ಬರು ಕೂಗುತ್ತಿದ್ದರು, ನಗುತ್ತಿದ್ದರು, ಬೈದಾಡುತ್ತಿದ್ದರು. ದೋಣಿಗಳು ಬಂದು ನಿಂತು ಇನ್ನಷ್ಟು ಮೀನು ಸುರಿಯುತ್ತಿದ್ದವು. ನಾಯಿ, ಬೆಕ್ಕು, ಕಾಗೆ, ಎಲ್ಲಕ್ಕೂ ಹಬ್ಬ. ಇಡೀ ಲೋಕದಲ್ಲಿ ಗಂಡಹೆಂಡತಿಯ ಹಾಗೆ ಜೋಡಿಯಾಗಿ ಶಾಂತವಾಗಿ ಇದ್ದದ್ದು ಆ ಬೊಂಬಿಲುಗಳು ಮಾತ್ರ.

ನಾನು ಟ್ರಂಕನ್ನು ಅಲ್ಲೇ ಕುಕ್ಕಿ ಮಾರಿಯಾಬಾಯಿಯ ಅಂಗಳಕ್ಕೆ ನುಗ್ಗಿದೆ.

"ಇದು ಏನು ಮೋಸ? ಆಷಾಢದಲ್ಲಿ ನಾನು ಬಂದಾಗ ಇಲ್ಲಿ ಒಂದು ಮೀನೂ ಇರಲಿಲ್ಲ. ಬಂದವರಿಗೆ ಒಂದು ದಂಡೆ ತೋರಿಸಿ ಇನ್ನೊಂದು ಕೊಡುತ್ತೀರಾ?"

ಆಕೆ ಮೊರದಲ್ಲಿದ್ದ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸಾಹೇಬರೇ, ಮಳೆಗಾಲದಲ್ಲಿ ಸಮುದ್ರಕ್ಕೆ ಯಾರು ಇಳಿಯುತ್ತಾರೆ? ಶ್ರಾವಣದ ನಾರಳಿ ಹುಣ್ಣಿಮೆಗೆ ಬೆಸ್ತರು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೇ ದೋಣಿ ನೀರಿಗೆ ಹೋಗುವುದು. ಮಳೆ ನಿಂತು ಬಿಸಿಲು ಬಂದರೆ ಬೊಂಬಿಲ್ ಒಣಗಿಸುವುದು. ನನ್ನ ಅಜ್ಜನ ಕಾಲದಿಂದ ಹೀಗೇ ಇದೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಲು ಬಿಟ್ಟಿರಾ?"

ಇದಕ್ಕೆ ಉತ್ತರವಾಗಿ ನಾನು ಬಹಳಷ್ಟು ಹೇಳಿದೆ. ಏನು ಹೇಳಿದೆ ಎಂದು ನನಗೆ ನೆನಪಿಲ್ಲ. ಕೆಳಗೆ ದಂಡೆಯ ಮೇಲಿದ್ದ ಒಂದಿಬ್ಬರು ಬುಟ್ಟಿ ಇಳಿಸಿ ಮೇಲೆ ನೋಡಿದರು. ಗಂಗಾ ನನ್ನ ತೋಳು ಹಿಡಿದು, "ನಡೀರಿ ಒಳಗ, ಕೈಕಾಲು ತೊಳಕೋರಿ" ಎಂದಳು.

ಒಳಗೆ ಹೋದರೆ ನಮ್ಮ ಕೋಣೆಯ ಅರ್ಧಕ್ಕೆ, ನೆಲದಿಂದ ಜಂತಿಯವರೆಗೆ, ಒಣಗಿದ ಬೊಂಬಿಲಿನ ಬುಟ್ಟಿಗಳನ್ನು ಒಟ್ಟಿದ್ದರು. ಮಾರಿಯಾಬಾಯಿ ಬಾಗಿಲಿನಿಂದಲೇ, "ಈ ಕಡೆ ನಿಮ್ಮದು, ಆ ಕಡೆ ಅದರದ್ದು. ಪೇಟೆಯವರು ನಾಳಿದ್ದು ಬಂದು ಒಯ್ಯುತ್ತಾರೆ" ಎಂದಳು. ಲಗ್ನವಾದಾಗಿನಿಂದ ನಮ್ಮ ಕೋಣೆಯಲ್ಲಿ ಪರರಿಲ್ಲದ ದಿನವಿಲ್ಲ ಎಂದೆನಲ್ಲ, ಇಲ್ಲಿಯೂ ಬಂದು ಕಾಯುತ್ತಿದ್ದರು. ಗುಂಡುವಿಗಾದರೆ ಆಚೆ ಹೋಗು ಎನ್ನಬಹುದಿತ್ತು.

ತಿರುಗಿ ಹೋಗೋಣವೆಂದರೆ ಖಾಡಿಯ ನೀರು ಇಳಿದಿತ್ತು. ಭರತ ಬಂದು ನೀರು ಏರುವುದು ಕತ್ತಲಾದ ಮೇಲೆ, ದೋಣಿ ಹೊರಡುವುದು ಇನ್ನು ಮರುದಿನ ಬೆಳಿಗ್ಗೆ ಎಂದರು. ಸಮುದ್ರಕ್ಕೂ ವೇಳಾಪಟ್ಟಿ ಇದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ವೇಳಾಪಟ್ಟಿ ಇದ್ದರೆ ಅದನ್ನು ಸ್ಟೇಷನ್ನಿನಲ್ಲಿ ಹಚ್ಚಬೇಕಲ್ಲವೇ? ಇದನ್ನು ಗಾಡಿಯವನಿಗೆ ಹೇಳಿದೆ. ಅವನು ಎತ್ತುಗಳಿಗೆ ಹುಲ್ಲು ಹಾಕುತ್ತ ಹೂಂಗುಟ್ಟಿದ.

ಮಧ್ಯಾಹ್ನ ಗಂಗಾ ಪ್ರಯಾಣದ ಸೀರೆಯನ್ನು ಒಗೆದಳು. ಎಲ್ಲಿ ಒಣಗಿಸಲಿ ಎಂದು ನನ್ನ ಮುಖ ನೋಡಿದಳು. ಆಗ ನನ್ನೊಳಗಿನ ಹೆಡ್ ಕ್ಲಾರ್ಕ್ ಎದ್ದು ನಿಂತ. ಇಷ್ಟು ಹಗ್ಗ ಇದ್ದೂ ನನ್ನ ಹೆಂಡತಿಯ ಒಂದು ಸೀರೆಗೆ ಜಾಗವಿಲ್ಲ ಎಂದರೇನು? ಒದ್ದೆ ಸೀರೆ ಹಿಡಿದು ಗುಡ್ಡ ಇಳಿದೆ. ಒಂದು ಸಾಲಿನ ತುದಿಯಲ್ಲಿ ನಾಲ್ಕಾರು ಜೋಡಿ ಬೊಂಬಿಲುಗಳನ್ನು ಕಡ್ಡಿಯಿಂದ ಪಕ್ಕಕ್ಕೆ ತಳ್ಳಿ ಸೀರೆ ಹರವಿದೆ. ತಳ್ಳಿದ ಮೀನು ಮರಳಿಗೆ ಬಿತ್ತು. ಅದಕ್ಕಾಗಿಯೇ ಕಾಯುತ್ತಿದ್ದಂತೆ ಎರಡು ನಾಯಿಗಳು ಬಂದವು.

ಆ ಸಾಲಿನ ಒಡತಿ ಸೊಂಟಕ್ಕೆ ಸೆರಗು ಬಿಗಿದು ಬಂದಳು. ಅವಳ ಹಿಂದೆ ಇನ್ನಷ್ಟು ಜನ. ಜಗಳ ಬಿಡಿಸುವುದರಲ್ಲಿ ನನಗೆ ಚಾಳಿನ ಅನುಭವವಿತ್ತು, ಹೀಗಾಗಿ ಒಂದು ಮುಚ್ಚಿದ ಬುಟ್ಟಿಯ ಮೇಲೆ ಹತ್ತಿ ನಿಂತು ಕಚೇರಿಯ ಮರಾಠಿಯಲ್ಲಿ ಭಾಷಣ ಶುರು ಮಾಡಿದೆ. "ಭಗಿನಿಯರೇ, ಸಾರ್ವಜನಿಕ ಸಮುದ್ರತೀರದ ಮೇಲೆ ಪ್ರತಿಯೊಬ್ಬ ನಾಗರಿಕನಿಗೂ ಸಮಾನ ಹಕ್ಕಿದೆ. ಶಾಂತತೆಯನ್ನು ಕಾಪಾಡುವುದು ತಮ್ಮೆಲ್ಲರ ಕರ್ತವ್ಯ…" ಎಂದು ನಾನು ಕೂಗಿದಷ್ಟೂ ಅವರು ನಗುತ್ತ ಹೋದರು. ಬುಟ್ಟಿ ಮುರಿಯಿತು. ಒಂದು ಕಾಲು ಒಳಗೆ ಹೋಯಿತು. ಒಳಗೆ ಏನಿತ್ತೆಂದು ಹೇಳಬೇಕಾಗಿಲ್ಲ.

ಗಂಗಾ ಗುಡ್ಡ ಇಳಿದು ಬಂದಳು. ನನ್ನ ಕಡೆ ನೋಡಲಿಲ್ಲ. ಹಗ್ಗದ ಮೇಲಿನಿಂದ ಸೀರೆ ತೆಗೆದುಕೊಂಡಳು. ಆ ಒಡತಿಯ ಹತ್ತಿರ ಹೋಗಿ ಮುರುಕು ಮರಾಠಿಯಲ್ಲಿ ಏನೋ ಮೆಲ್ಲಗೆ ಹೇಳಿದಳು. ಆ ಹೆಂಗಸು ಸೊಂಟದ ಮೇಲಿನ ಕೈ ಇಳಿಸಿದಳು. ಸ್ವಲ್ಪ ಹೊತ್ತಿನಲ್ಲಿ ಗಂಗಾ ಚಕ್ಕುಲಿಯ ಡಬ್ಬಿ ತಂದಳು. ದೋಣಿಯ ನೆರಳಿನಲ್ಲಿ ಆ ಹೆಂಗಸರ ಜೊತೆ, ಅವರಿಂದ ಮಡಿಗೆ ತಕ್ಕಷ್ಟು ದೂರದಲ್ಲಿ, ಕಾಲು ಚಾಚಿ ಕೂತಳು. ನನ್ನ ಹೆಂಡತಿ ಕಾಲು ಚಾಚಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ದಂಡೆಯ ಮೇಲೆ ಅಷ್ಟು ವಾಸನೆಯ ನಡುವೆ ಅವಳು ನಗುತ್ತಿದ್ದಳು. ನನಗೆ ಇನ್ನೂ ಸಿಟ್ಟು ಬಂದಿತು.

ನಾನು ಒಬ್ಬನೇ ಗುಡ್ಡದ ತುದಿಯ ಬಂಡೆಯ ಮೇಲೆ ಹೋಗಿ ಕೂತೆ. ಕಾಲನ್ನು ಮೂರು ಸಲ ತೊಳೆದಿದ್ದೆ. ಸಿಟ್ಟು ಮಾತ್ರ ಹೋಗಲೊಲ್ಲದು. ಈ ದಂಡೆಯ ಮೇಲೆ, ಆ ಗುಮಾಸ್ತನ ಮೇಲೆ, ಹಲ್ಲುಪುಡಿಯ ನೊರೆ ನುಂಗಿ ಸುಮ್ಮನಾದ ಶೆಟ್ಟರ ಮೇಲೆ. ಗೊತ್ತಿದ್ದವರು ಗಟ್ಟಿಯಾಗಿ ಹೇಳಬಾರದಿತ್ತೇ? "ಗಂಗಾ" ಎಂದು ಕೂಗಿದೆ. ಎದುರಿನ ಬಂಡೆ ಅದನ್ನು ಒಂದಕ್ಷರ ಬಿಡದೆ ತಿರುಗಿ ಕೂಗಿತು. ಅಣಕಿಸಿದಂತಾಯಿತು. ಬಂಡೆಗೆ ಬುದ್ಧಿ ಹೇಳುವುದು ಸರಿಯಲ್ಲವೆಂದು ಹೇಗೋ ತಡೆದುಕೊಂಡೆ.

ಸಂಜೆಯಾಯಿತು. ದೋಣಿಗಳು ಹೊರಟುಹೋದವು. ಹೆಂಗಸರು ಒಬ್ಬೊಬ್ಬರೇ ಕೆಲಸ ಮುಗಿಸುತ್ತ ಬಂದರು. ಗಾಳಿ ನೆಲದ ಕಡೆಯಿಂದ ಬೀಸತೊಡಗಿ ವಾಸನೆಯನ್ನೂ ಸಮುದ್ರಕ್ಕೆ ಒಯ್ದಿತು. ಸೂರ್ಯ ನೀರಿಗೆ ಮುಟ್ಟುವಷ್ಟರಲ್ಲಿ ಅಲೆಯ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಆಷಾಢದಲ್ಲಿ ನೋಡಿದ ಅದೇ ದಂಡೆ. ಗಂಗಾ ಗುಡ್ಡ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತಳು. ನಾವು ಇಬ್ಬರೇ ಇದ್ದೆವು.

"ಛಲೋ ಅದ ಇಲ್ಲಿ" ಎಂದಳು.

"ಹೂಂ."

"ಈಗ ಹೇಳ್ಲಿ?"

"ಹೇಳು" ಎಂದೆ. ಇಷ್ಟು ವರ್ಷ ಅವಳು ಮನಸ್ಸಿನಲ್ಲಿಟ್ಟುಕೊಂಡ ಪ್ರೀತಿಯ ಮಾತಿಗೆ ಹೇಗೆ ಉತ್ತರ ಕೊಡಬೇಕೆಂದು ನಾನು ಒಂದು ವಾಕ್ಯವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅವಳು ಸಮುದ್ರವನ್ನೇ ನೋಡುತ್ತ ಹೇಳಿದಳು.

"ನೀವು ಭಾಳ ಒದರ್ತೀರಿ. ನನ್ನ ಮ್ಯಾಲಷ್ಟ ಅಲ್ಲ, ಕಂಡಕಂಡವರ ಮ್ಯಾಲೆ. ಲಗ್ನ ಆದಾಗಿಂದ ಹೇಳಬೇಕಂತೀನಿ. ಚಾಳಿನಾಗ ಹೇಳಿದ್ರ ನಾಕು ಮಂದಿ ಕೇಳ್ತಾರ, ಗುಂಡು ಕೇಳ್ತಾನ, ನಿಮ್ಮ ಮರ್ಯಾದಿ ಹೋಗ್ತದ. ಅದಕ್ಕ ಯಾರೂ ಇಲ್ಲದ ಜಾಗಾ ಬೇಕು ಅಂದೆ. ಆ ನಳದ ಗದ್ದಲ, ಟ್ರಾಮಿನ ಗದ್ದಲ ನನಗ ರೂಢಿ ಆಗ್ಯದ. ಇದೊಂದು ಆಗವಲ್ಲದು. ಶೆಟ್ಟರು ಪಾಪ, ನಮ್ಮ ಒಳ್ಳೇದಕ್ಕ ಹೇಳ್ಲಿಕ್ಕೆ ಬಂದಿದ್ರು. ಈ ಮಾರಿಯಾಬಾಯಿನೂ ಹೇಳ್ಲಿಕ್ಕೆ ಬಂದಿದ್ದಳು. ನಾನೂ ಹಂಗ ಎಷ್ಟು ಸಲ ಬಂದು ತಿರುಗಿ ಹೋಗೀನಿ. ನನಗ ಸಾಕಾಗ್ಯದ. ನೀವು ಸಣ್ಣ ದನೀಲೆ ಮಾತಾಡ್ತೀನಿ ಅಂದ್ರ ನಾಳೆ ನಿಮ್ಮ ಜೋಡಿ ಗ್ರಾಂಟ್ ರೋಡಿಗೆ ಬರ್ತೀನಿ. ಇಲ್ಲಾಂದ್ರ ನನಗ ಧಾರವಾಡದ ಗಾಡಿ ಹತ್ತಿಸಿಬಿಡ್ರಿ. ಸಿಟ್ಟಿಲೆ ಹೇಳ್ಲಿಕ್ಕತ್ತಿಲ್ಲ. ಖರೇನ ಹೇಳ್ಲಿಕ್ಕತ್ತೀನಿ."

ಅವಳ ದನಿ ಅಲೆಯ ಸದ್ದಿಗಿಂತ ಮೇಲೇರಲಿಲ್ಲ. ಕಣ್ಣಲ್ಲಿ ನೀರಿತ್ತು.

ಇಂಥ ಆರೋಪವನ್ನು ಯಾವ ಶಾಂತ ಮನುಷ್ಯನಾದರೂ ಹೇಗೆ ಸಹಿಸಬೇಕು? ಆದರೂ ಸಹಿಸಿದೆ. ಉಸಿರನ್ನು ಒಳಗೆಳೆದುಕೊಂಡೆ. ಸಾವಕಾಶವಾಗಿ, ಅತ್ಯಂತ ಮೆಲ್ಲಗೆ, ನನ್ನ ಮಟ್ಟಿಗೆ ಪಿಸುಮಾತಿನಲ್ಲೇ ಕೇಳಿದೆ.

"ನಾ ಯಾವಾಗ ಒದರೀನಿ?"

ಹಗ್ಗಗಳ ಮೇಲೆ ಕೂತಿದ್ದ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಕೆಳಗೆ ದಂಡೆಯ ಮೇಲೆ ಕೊನೆಯದಾಗಿ ಉಳಿದಿದ್ದ ಹೆಂಗಸು ಬುಟ್ಟಿ ಕೈಬಿಟ್ಟಳು. ಮಾರಿಯಾಬಾಯಿ ಕಂದೀಲು ಹಿಡಿದು ಅಂಗಳಕ್ಕೆ ಓಡಿ ಬಂದು, ಯಾರಾದರೂ ಗುಡ್ಡದಿಂದ ಬಿದ್ದರೇ ಎಂದು ಕೇಳಿದಳು. ಎದುರಿನ ಬಂಡೆ ನನ್ನ ಪ್ರಶ್ನೆಯನ್ನು ಇನ್ನೂ ಕೇಳುತ್ತಲೇ ಇತ್ತು. ಗಂಗಾ ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, ಟ್ರಂಕಿನಲ್ಲಿ ತನ್ನ ಬಟ್ಟೆ ಬೇರೆ ಮಾಡಲು ಒಳಗೆ ಹೋದಳು.

ಆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಗ್ರಾಂಟ್ ರೋಡಿನ ನಮ್ಮ ಕೋಣೆಯಲ್ಲಿ ನಾನು ಬಯಸಿದ ಶಾಂತಿ ಸಂಪೂರ್ಣವಾಗಿ ನೆಲೆಸಿತ್ತು. ಗಂಗಾ ಧಾರವಾಡದಲ್ಲಿದ್ದಳು. ಅತ್ತಿಗೆ ಇಲ್ಲದ ಮನೆಯಲ್ಲಿ ಹೇಗಿರುವುದು ಎಂದು ಗುಂಡು ಆಂಟಾಪ್ ಹಿಲ್‌ನ ಗೆಳೆಯನ ಕೋಣೆಗೆ ಹೋದ. ನಾನೇ ಸ್ಟೋವು ಹೊತ್ತಿಸಿ ಅನ್ನಕ್ಕಿಡುತ್ತಿದ್ದೆ. ಅದು ದಿನವೂ ತಳ ಹಿಡಿಯುತ್ತಿತ್ತು. ಸೀದ ಅನ್ನದ ಪಾತ್ರೆ ಹಿಡಿದುಕೊಂಡು ಬಾಗಿಲಿನವರೆಗೆ ಬರುತ್ತಿದ್ದೆ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಒಳಗೆ ಹೋಗಿ ಅದನ್ನೇ ತಿನ್ನುತ್ತಿದ್ದೆ.